ಸರ್ಕಾರ ವಿರುದ್ಧ ಒಂದು ಕಂದು ಕುದುರೆ

ಮೂರನೆಯ ಸಲವೂ ಬಾಗಿಲ ಚೌಕಟ್ಟು ಕೀಂಯೆಂದು ಕೂಗಿತು. ಕೋರ್ಟಿನ ಕಾವಲಿನವನು ಪ್ಲಾಸ್ಟಿಕ್ ತಟ್ಟೆಯೊಂದನ್ನು ಮುಂದೆ ತಳ್ಳಿ, "ಇನ್ನೂ ಏನೋ ಇದೆಯಮ್ಮಾ ನಿಮ್ಮ ಮೈಮೇಲೆ," ಎಂದ. ಏನಿದೆ ಎಂಬುದು ಸಲೋಮಳಿಗೆ ಮೊದಲನೆಯ ಕೂಗಿಗೇ ಗೊತ್ತಾಗಿತ್ತು. ಗುಂಡಿ ಹಾಕಿಕೊಳ್ಳುವುದು ಜಂಬದ ಲಕ್ಷಣವೆಂದು ಮುತ್ತಜ್ಜಿಯರ ಕಾಲದಿಂದ ಆಮಿಶ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಹೆಂಗಸರು ಉಡುಪನ್ನೆಲ್ಲ ಗುಂಡುಸೂಜಿಯಲ್ಲೇ ಸಿಕ್ಕಿಸಿಕೊಳ್ಳುತ್ತಾರೆ. ಹೆಗಲಿಗೆರಡು, ಎದೆಗೆ ನಾಲ್ಕು, ಸೊಂಟದ ಏಪ್ರನ್ನಿಗೆ ಮೂರು. ಅವನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿ, ಎಡಗೈಯಿಂದ ಎದೆಯ ಬಟ್ಟೆಯನ್ನು ಒತ್ತಿ ಹಿಡಿದು, ಬಲಗೈಯಿಂದ ಏಪ್ರನ್ನನ್ನು ಹಿಡಿದು ದಾಟಿದಾಗ ಯಂತ್ರ ಸುಮ್ಮನಾಯಿತು. ಹಿಂದೆ ಸಾಲಿನಲ್ಲಿದ್ದ ಯಾರೋ ವಕೀಲ ಮರ್ಯಾದೆಗೆಂದು ಚಾವಣಿ ನೋಡುತ್ತಿದ್ದ. ಅವನ ಮರ್ಯಾದೆಯಿಂದಲೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಗಂಡ ಮಾಲನ್ ಆಗಲೇ ಆಚೆ ದಾಟಿ, ಹ್ಯಾಟನ್ನು ಹೊಟ್ಟೆಗೆ ಒತ್ತಿಕೊಂಡು ನೆಲ ನೋಡುತ್ತಾ ನಿಂತಿದ್ದ. ಅವನ ಕೋಟಿಗೂ ಗುಂಡಿಯಿಲ್ಲ, ತಂತಿಯ ಕೊಕ್ಕೆಗಳೇ. ಆದರೂ ಯಂತ್ರ ಅವನಿಗೆ ಕೂಗಿರಲಿಲ್ಲ. ಗೋಡೆಗೆ ತಿರುಗಿ ನಿಂತು ಸೂಜಿಗಳನ್ನು ಮತ್ತೆ ಸಿಕ್ಕಿಸಿಕೊಳ್ಳುವಾಗ ಬೆರಳಿಗೆ ಎರಡು ಸಲ ಚುಚ್ಚಿತು. ಇವನಿಗೆ ಗೊತ್ತೇ, ಎಂದು ಆ ಹೊತ್ತಿನಲ್ಲೂ ಯೋಚಿಸಿದಳು. ಎರಡು ತಿಂಗಳಿಂದ ಅವಳು ಬೇರೇನನ್ನೂ ನೆಟ್ಟಗೆ ಯೋಚಿಸಿರಲಿಲ್ಲ. ನನಗೆ ಗೊತ್ತಿತ್ತು ಎಂಬುದು ಇವನಿಗೆ ಗೊತ್ತೇ?

ನಾಲ್ಕನೆಯ ನಂಬರಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತರು. ವ್ಯಾನಿನಲ್ಲಿ ಕರೆತಂದಿದ್ದ ಡಾರ್ಲೀನ್ ಅವಳ ಪಕ್ಕಕ್ಕೆ, ಮಾಲನ್ ಒಂದಾಳಿನ ಜಾಗ ಬಿಟ್ಟು ಆಚೆಗೆ. ಆಮಿಶ್ ಜನ ಮೋಟಾರು ಇಟ್ಟುಕೊಳ್ಳುವಂತಿಲ್ಲ, ಹತ್ತುವುದಕ್ಕೆ ಅಡ್ಡಿಯಿಲ್ಲ. ಆ ಸಂದಿನಲ್ಲಿ ಡಾರ್ಲೀನಳಂಥ ಇಂಗ್ಲಿಷಿನವರ, ಅಂದರೆ ಆಮಿಶರಲ್ಲದ ಹೊರಗಿನವರ, ಜೀವನ ನಡೆಯುತ್ತದೆ. ಹನ್ನೊಂದು ವರ್ಷದಿಂದ ಅವಳು ಇವರನ್ನು ಹಲ್ಲಿನ ಡಾಕ್ಟರಿಗೆ, ಮದುವೆಗೆ, ಮಣ್ಣಿಗೆ ಕರೆದೊಯ್ಯುತ್ತಿದ್ದಳು, ಬಾಯಿಗೆ ಬೀಗ ಹಾಕಿ ಅಭ್ಯಾಸವಿಲ್ಲ. ಕೈಯಲ್ಲಿದ್ದ ನೋಟಿಸನ್ನು ಇದು ಹತ್ತನೆಯ ಸಲವೆಂಬಂತೆ ಬಿಚ್ಚಿ ಓದಿದಳು. "ಕೇಳಿಲ್ಲಿ. ಸರ್ಕಾರ ವಿರುದ್ಧ ಒಂದು ಕಂದು ಹೆಣ್ಣು ಕುದುರೆ, ವಯಸ್ಸು ಸುಮಾರು ಹತ್ತೊಂಬತ್ತು, ಮತ್ತು ಒಂದು ಕಪ್ಪು ಗಾಡಿ. ಇಷ್ಟು ದೊಡ್ಡ ಸರ್ಕಾರಕ್ಕೆ ಜಗಳ ಆಡೋಕೆ ರೂಬಿನೇ ಸಿಕ್ಕಿದ್ಲಾ? ನಿನ್ ಗಂಡನ ಹೆಸರು ಎಲ್ಲೂ ಇಲ್ಲ ನೋಡು." ಇರಲಿಲ್ಲ. ಮಾತ್ರೆ ಕೊಳ್ಳುತ್ತಿದ್ದ ಡ್ವೈಟ್ ಎಂಬವನು ಊರು ಬಿಟ್ಟು ಹೋದ ಮೇಲೆ ಸಾಕ್ಷಿಯಿಲ್ಲದೆ ಮಾಲನ್ನನ ಮೇಲಿನ ಕೇಸು ಬಿದ್ದುಹೋಗಿತ್ತು. ಮನುಷ್ಯ ಮನೆಯಲ್ಲಿದ್ದ, ಕುದುರೆ ಸರ್ಕಾರದ ಕೊಟ್ಟಿಗೆಯಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುವುದನ್ನು ಜನ ತಮಾಷೆಗೆ ಹೇಳುತ್ತಾರೆ. ಇಲ್ಲಿ ಅದಕ್ಕೊಂದು ಕಾನೂನು, ಒಂದು ಕೋಣೆ, ಕೋಣೆಗೊಂದು ನಂಬರು ಇತ್ತು. "ಮಾರಿದ ದುಡ್ಡು ಯಾರಿಗೆ ಹೋಗುತ್ತೆ ಅಂತ ಗೊತ್ತಾ?" ಎಂದು ಡಾರ್ಲೀನ್ ದನಿ ತಗ್ಗಿಸಿದಳು. "ಹಿಡಿದ ಪೊಲೀಸಿನವರಿಗೊಂದು ಪಾಲು, ಈ ಕೋಣೆಯವರಿಗೊಂದು ಪಾಲು. ಹಿಡಿಯೋನೂ ಅವನೇ, ತೂಗೋನೂ ಅವನೇ." ಮಾಲನ್ ಕೇಳಿಸಿಕೊಂಡನೋ ಇಲ್ಲವೋ. ಸೊಂಟದ ನೋವಿಗೆ ಒಂದು ಪಕ್ಕಕ್ಕೆ ವಾಲಿ ಕುಳಿತಿದ್ದ.

ಆ ದಿನವೂ ಅವನು ಹೀಗೇ ಒಂದು ಪಕ್ಕಕ್ಕೆ ವಾಲಿಕೊಂಡು ನಡೆದು ಬಂದಿದ್ದ. ಆಗಸ್ಟಿನ ಮಧ್ಯಾಹ್ನ. ಅವಳು ಬೇಯಿಸಿದ ಟೊಮೆಟೊವನ್ನು ಗಾಜಿನ ಬಾಟಲಿಗಳಿಗೆ ತುಂಬುತ್ತಿದ್ದಳು, ಇಬ್ಬರು ಹೆಣ್ಣುಮಕ್ಕಳು ಮುಚ್ಚಳ ಒರೆಸುತ್ತಿದ್ದರು. ಗೊರಸಿನ ಸದ್ದಿಲ್ಲದೆ ಗಂಡ ಅಂಗಳಕ್ಕೆ ಬಂದದ್ದು ಕಂಡು ಅವಳು ಸೌಟು ಕೆಳಗಿಟ್ಟು ಹೊರಗೆ ಬಂದಿದ್ದಳು. "ರೂಬಿ ಎಲ್ಲಿ?" "ತಗೊಂಡ್ರು." "ಯಾರು?" "ಪೊಲೀಸಿನವರು." ಹಾರ್ಡ್‌ವೇರ್ ಅಂಗಡಿಯ ಮುಂದೆ, ಕುದುರೆ ಕಟ್ಟುವ ಕಂಬದ ಹತ್ತಿರ, ಡ್ವೈಟ್ ಗಾಡಿಯೊಳಗೆ ಕೈಹಾಕಿ ಮಾತ್ರೆಯ ಪೊಟ್ಟಣ ತೆಗೆದುಕೊಳ್ಳುವಾಗ ಬಂದು ನಿಂತರಂತೆ. ಕೊಟ್ಟಿಗೆಯ ಮಾಡಿನಿಂದ ಬಿದ್ದು ಬೆನ್ನು ಮುರಿದುಕೊಂಡವನಿಗೆ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಗಳು, ಬೇರೆಯವರಿಗೆ ಮಾರಿದರೆ ಅಪರಾಧ. ಪೊಲೀಸಿನವನು ಒಂದು ಕಾಗದವನ್ನು ತನ್ನ ಕಾರಿನ ಮೂತಿಯ ಮೇಲೆ ಹರವಿ, ಕುದುರೆ ಗಾಡಿ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿದರೆ ಈಗಲೇ ಮನೆಗೆ ಹೋಗಬಹುದು ಎಂದನಂತೆ. ಮಾಲನ್ ಸಹಿ ಹಾಕಿದ. ಕಿತ್ತುಕೊಳ್ಳಲು ಬಂದವನೊಡನೆ ಹಗ್ಗ ಜಗ್ಗಬಾರದು, ಕೇಳಿದ್ದಕ್ಕಿಂತ ಒಂದು ಹೆಚ್ಚೇ ಕೊಟ್ಟು ಕಳಿಸಬೇಕು ಎಂಬುದು ಅವರಲ್ಲಿ ಮಗು ನಡೆಯಲು ಕಲಿಯುವಾಗಿನಿಂದ ಕಲಿಯುವ ಪಾಠ. ಮಾರನೆಯ ಬೆಳಿಗ್ಗೆ ಅವನು ಗೋಡೆಯ ಗೂಟದಲ್ಲಿದ್ದ ಇನ್ನೊಂದು ಜೊತೆ ಸರಂಜಾಮನ್ನು, ಲಗಾಮು, ಎದೆಪಟ್ಟಿ, ಚಳಿಗಾಲಕ್ಕೆ ಕುದುರೆಗೆ ಹೊದಿಸುವ ಕಂಬಳಿ ಎಲ್ಲವನ್ನೂ ಹೆಗಲಿಗೇರಿಸಿಕೊಂಡು, ಆ ಬೆನ್ನಿನಲ್ಲಿ ನಾಲ್ಕು ಮೈಲಿ ನಡೆದು ಠಾಣೆಗೆ ಒಪ್ಪಿಸಿ ಬಂದ. ಅವರು ಕೇಳಿರಲಿಲ್ಲ. ಅವನು ಹೋಗುವುದನ್ನು ಅವಳು ಅಡಿಗೆಮನೆಯ ಕಿಟಕಿಯಿಂದ ನೋಡಿದ್ದಳು. ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಮಾತು ಬರುತ್ತದೆ, ಮಾತು ಬಂದರೆ ಮಾತ್ರೆಯ ಮಾತು ಬರುತ್ತದೆ ಎಂದು ಹೆದರಿ ಕೈಯಲ್ಲಿದ್ದ ಬಾಟಲಿಯನ್ನು ಒರೆಸಿದ್ದನ್ನೇ ಒರೆಸಿದಳು.

"ರೇಬರ್?" ಎಂದು ಒಳಗಿನಿಂದ ಯಾರೋ ಕರೆದರು. ಅವರ ಮನೆತನದ ಹೆಸರೂ ಅದೇ, ಆದರೆ ಕರೆದದ್ದು ಬೇರೆ ಯಾರೋ ರೇಬರನನ್ನು, ಟ್ರ್ಯಾಕ್ಟರ್ ಕಂಪನಿಯ ಟೋಪಿ ಹಾಕಿಕೊಂಡಿದ್ದ ಮುದುಕ. ಎದ್ದಿದ್ದ ಸಲೋಮ ಮತ್ತೆ ಕುಳಿತಳು. ಕೇಳಿದರೆ ಹೇಳು, ನೀನಾಗಿ ಕೇಳಬೇಡ, ಎಂದಿದ್ದ ಬಿಷಪ್ ಏಮನ್. ಕೋರ್ಟು ಕಟ್ಟೆ ಹತ್ತುವುದು ಅವರಲ್ಲಿ ನಿಷಿದ್ಧ. ಅವನು ಅವಳ ಹಟ್ಟಿಯ ಬೇಲಿಗೆ ಒರಗಿ ಬಹಳ ಹೊತ್ತು ಹುಲ್ಲುಕಡ್ಡಿ ಜಗಿದು, "ಚೀಟಿ ಅವರೇ ಕಳ್ಸಿದ್ದಾರೆ ಅಂದ್ಮೇಲೆ ಅವರೇ ಕರೆದ ಹಾಗಾಯ್ತು," ಎಂದಿದ್ದ. "ಹೋಗು. ಕೇಳಿದ್ದಕ್ಕೆ ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ವಕೀಲರನ್ನ ಇಡಬೇಡ. ಕೊಡಿ ಅಂತ ಕೈ ಚಾಚಬೇಡ." ಆಮೇಲೆ ಮೆತ್ತಗೆ, "ನಿಂಗೆ ಐದು ವರ್ಷದ ಒಳ್ಳೆ ಕುದುರೆ ಕೊಡ್ಸೋಣ ಅಂತ ಎಲ್ಲರೂ ಸೇರಿ ಮಾತಾಡಿದ್ದೀವಿ. ಅದು ಕುಂಟೋ ಕುದುರೆ, ಸಲೋಮ. ಅದಕ್ಯಾಕೆ ಇಷ್ಟು ಹಚ್ಕೊಂಡಿದ್ದೀಯ?" ಎಂದ. ಕುಂಟುವ ಕುದುರೆಯನ್ನು ಶುಕ್ರವಾರದ ಹರಾಜಿನಲ್ಲಿ ಯಾರು ಕೂಗುತ್ತಾರೆ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಮೂಲೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿರುವವನೊಬ್ಬನಿದ್ದಾನೆ. ಬೇರೆ ಯಾರೂ ಬಾಯಿ ತೆರೆಯದ ಕುದುರೆಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ಲಾರಿಗೆ ತುಂಬಿ ಕೆನಡಾದ ಕಸಾಯಿಖಾನೆಗೆ ಕಳಿಸುತ್ತಾನೆ. ರೂಬಿ ನಾಲ್ಕು ವರ್ಷದವಳಿದ್ದಾಗ, ಸಲೋಮ ಮದುವೆಗೆ ಮುಂಚೆ ಸ್ಕೂಲಿನಲ್ಲಿ ಪಾಠ ಹೇಳಲು ದಿನಾ ಮೂರು ಮೈಲಿ ಹೋಗುತ್ತಿದ್ದಾಗ, ಅಪ್ಪ ಕೊಡಿಸಿದ ಕುದುರೆ. ಸಲೋಮಳಿಗೆ ತವರಿನ ಹೆಸರು ಉಳಿದದ್ದು ಎಂದರೆ ಇನ್ನು ಆ ಕುದುರೆಯ ಕಾಗದ ಒಂದರಲ್ಲೇ. ಹಿಮ ಸುರಿದು ದಾರಿ ಮುಚ್ಚಿಹೋದ ಸಂಜೆ ಲಗಾಮು ಸಡಿಲಬಿಟ್ಟು ಕಂಬಳಿಯೊಳಗೆ ಮುದುಡಿ ಕುಳಿತರೆ ಸಾಕಿತ್ತು, ಅದು ತಾನಾಗಿ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು. ಹಾಗೆ ಅವಳು ನಂಬಿ ಕೂರಬಹುದಾದವರು ಬೇರೆ ಯಾರೂ ಇರಲಿಲ್ಲ. ಇದನ್ನು ಬಿಷಪ್ಪನಿಗೆ ಹೇಗೆ ಹೇಳುವುದು?

ಸೋಮವಾರ ಒಗೆಯುವ ದಿನ. ಜುಲೈಯ ಒಂದು ಸೋಮವಾರ ಮಾಲನ್ನನ ಪ್ಯಾಂಟಿನ ಜೇಬಿಗೆ ಕೈಹಾಕಿದಾಗ ನಾಲ್ಕಾಗಿ ಮಡಿಸಿದ ನೋಟುಗಳು ಸಿಕ್ಕಿದ್ದವು. ಬೆನ್ನು ಮುರಿದ ಮೇಲೆ ಅವನಿಗೆ ಕೆಲಸವಿರಲಿಲ್ಲ. ಆಸ್ಪತ್ರೆಯ ಖರ್ಚನ್ನು ಬಿಷಪ್ಪನ ಸಭೆಯವರೆಲ್ಲ ಕೂಡಿ ಹಾಕಿದ್ದರು. ನೋಟು ಎಲ್ಲಿಂದ ಬಂತು ಎಂದು ಅವಳು ಕೇಳಬೇಕಾದ್ದೇ ಇರಲಿಲ್ಲ. ಹಿಂದಿನ ದಿನಗಳಲ್ಲಿ ಡ್ವೈಟ್ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದುದು, ಮಾಲನ್ ರಾತ್ರಿ ಮಾತ್ರೆ ನುಂಗದೆ ಹಲ್ಲುಕಚ್ಚಿ ನರಳುತ್ತಿದ್ದುದು, ಬೆಳಿಗ್ಗೆ ನೋಡಿದರೆ ಸೀಸೆ ಮಾತ್ರ ಖಾಲಿಯಾಗುತ್ತಿದ್ದುದು, ಎಲ್ಲವೂ ಆ ಕ್ಷಣಕ್ಕೆ ಒಂದಾಗಿ ಬಂದು ನಿಂತವು. ಒದ್ದೆ ಕೈಯಲ್ಲಿ ನೋಟು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಳು. ಹಿರಿಯ ಮಗಳು ಒಳಗೆ ಬಂದಳು. ಸಲೋಮ ನೋಟನ್ನು ಏಪ್ರನ್ನಿನಡಿ ಮುಚ್ಚಿಕೊಂಡಳು. ಪ್ಯಾಂಟು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿದ ನೋಟುಗಳನ್ನು ಅದೇ ಜೇಬಿಗೆ ಹಾಗೇ ಇಟ್ಟಳು. ಗಂಡಸರಿಗೆ ಜೇಬಿನಲ್ಲಿ ಏನಿಟ್ಟೆ ಎಂಬುದು ಎಲ್ಲಿ ನೆನಪಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಿದ್ದರೆ ಅವನು ನಿಲ್ಲಿಸುತ್ತಿದ್ದ. ಮಾಲನ್ ಅಂಥ ಗಟ್ಟಿ ಮನುಷ್ಯನಲ್ಲ, ಒಂದು ಮಾತಿಗೆ ಕುಸಿಯುವವನು. ಅದಕ್ಕೇ ಕೇಳಲಿಲ್ಲವೇನೋ. ಅಥವಾ ಮಕ್ಕಳಿಗೆ ಬೂಟು ಬೇಕಿತ್ತು, ಸಭೆಯವರ ಮುಂದೆ ಮತ್ತೊಮ್ಮೆ ಕೈಚಾಚದೆ ಬೂಟು ಬಂದರೆ ಬರಲಿ ಎಂದು ಒಳಗೊಳಗೆ ಅನಿಸಿತ್ತೋ. ಬೂಟು ಬಂದಿತ್ತು. ಈಗಲೂ ಹಿರಿಯವಳು ಅದನ್ನೇ ಹಾಕಿಕೊಂಡು ಸ್ಕೂಲಿಗೆ ಹೋಗಿದ್ದಾಳೆ.

"ಏನಾದ್ರೂ ತಿಂತೀಯಾ?" ಎಂದು ಡಾರ್ಲೀನ್ ಬ್ರೆಡ್ಡಿನ ಪೊಟ್ಟಣ ಮುಂದೆ ಹಿಡಿದಳು. ಸಲೋಮ ತಲೆಯಾಡಿಸಿ ಬೇಡವೆಂದಳು. ಡಾರ್ಲೀನ್ ಅವಳನ್ನು ದಾಟಿ ಮಾಲನ್ನನ ಕಡೆ ಚಾಚಿದಳು. ಅವನು ಕೈಯೊಡ್ಡುವ ಮೊದಲು ಸಲೋಮಳ ಕಡೆ ಒಮ್ಮೆ ನೋಡಿದ, ತೆಗೆದುಕೊಳ್ಳಬಹುದೇ ಎಂಬಂತೆ, ಮತ್ತೆ ತೆಗೆದುಕೊಂಡ. ಆರು ವಾರ ಬಹಿಷ್ಕಾರದಲ್ಲಿದ್ದವನ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಸಭೆಯ ನಡುವೆ ಮಂಡಿಯೂರಿ, ಕೈಯಲ್ಲಿ ಮುಖ ಮುಚ್ಚಿಕೊಂಡು ತಪ್ಪೊಪ್ಪಿದ ದಿನ ಅವನನ್ನು ಏಮನ್ ಕೇಳಿದ್ದ, ಮನೆಯಲ್ಲಿ ಯಾರಿಗಾದರೂ ತಿಳಿದಿತ್ತೇ ಎಂದು. ಹೆಂಗಸರ ಸಾಲಿನಲ್ಲಿ ಸಲೋಮ ಕುಳಿತಿದ್ದಳು. "ಇಲ್ಲ," ಎಂದಿದ್ದ ಮಾಲನ್, "ಸಲೋಮಳಿಗೆ ಏನೂ ತಿಳಿಯದು." ಮುಖ ಮುಚ್ಚಿದ್ದರಿಂದ ದನಿಯಲ್ಲಿ ಏನಿದೆಯೆಂದು ಗೊತ್ತಾಗಲಿಲ್ಲ. ಅಂದಿನಿಂದ ಆರು ವಾರ ಅವನ ಊಟ ಕಿಟಕಿಯ ಪಕ್ಕದ ಸಣ್ಣ ಮೇಜಿನಲ್ಲಿ. ಅವಳೂ ಮಕ್ಕಳೂ ದೊಡ್ಡ ಮೇಜಿನಲ್ಲಿ. ಅವನ ಕೈಯಿಂದ ಅವಳು ಏನನ್ನೂ ಇಸಿದುಕೊಳ್ಳುವಂತಿಲ್ಲ. ತಟ್ಟೆಯನ್ನು ಮೇಜಿನ ಅಂಚಿಗಿಟ್ಟು ಹಿಂದೆ ಸರಿಯಬೇಕು, ಅವನು ಉಂಡು ಅಂಚಿಗೆ ತಳ್ಳಿದ ಮೇಲೆ ಎತ್ತಿಕೊಳ್ಳಬೇಕು. ಒಂದೊಂದು ಹೊತ್ತೂ ಅವಳಿಗೆ ಅನ್ನಿಸುತ್ತಿತ್ತು, ಈ ಕಡೆ ಕೂತವಳು ಆ ಕಡೆ ಕೂರಬೇಕಾದವಳು. ಒಂದೊಂದು ಹೊತ್ತೂ ತುತ್ತು ಇಳಿಯುತ್ತಿತ್ತು. ಇಳಿಯುತ್ತಿತ್ತಲ್ಲ ಎಂಬುದೇ ಅವಳಿಗೆ ಅಸಹ್ಯವಾಗಿತ್ತು.

ಮತ್ತೆ ಕರೆದಾಗ ಅದು ಅವರನ್ನೇ. ಕೋಣೆಯಲ್ಲಿ ಒಂದು ಉದ್ದ ಮೇಜು, ಕಾಫಿ ಮಾಡುವ ಯಂತ್ರ, ರಟ್ಟಿನ ಪೆಟ್ಟಿಗೆಗಳಲ್ಲಿ ಫೈಲು. ಮೇಜಿನ ಆಚೆ ಚಿಕ್ಕ ವಯಸ್ಸಿನ ಸರ್ಕಾರಿ ವಕೀಲ, ಕೆಂಪು ಕಿವಿಯವನು, ಎದ್ದು ನಿಂತು ಕುರ್ಚಿ ತೋರಿಸಿದ. ಒರಟನಲ್ಲ. ಅದು ಸಲೋಮಳನ್ನು ಇನ್ನಷ್ಟು ಹೆದರಿಸಿತು.

"ಜಡ್ಜ್ ಎಲ್ಲಿ?" ಎಂದ ಮಾಲನ್.

"ಜಡ್ಜ್ ಈ ಕೋಣೆಗೆ ಬರಲ್ಲ ಸಾರ್. ಮೊದಲು ನನ್ನ ಹತ್ರ. ಬಿಟ್ಟುಕೊಡಬಹುದು ಅನ್ಸಿದ್ರೆ ನಾನೇ ಬಿಟ್ಟುಕೊಡ್ತೀನಿ. ಇಲ್ಲಾಂದ್ರೆ ನೀವು ವಕೀಲರನ್ನ ಇಟ್ಕೊಂಡು ಮೇಲೆ ಹೋಗಬೇಕು."

"ನಾವು ವಕೀಲರನ್ನ ಇಡಲ್ಲ."

"ಹಾಗಾದ್ರೆ ನಾನೇ." ಅವನು ಮುಜುಗರದಿಂದ ನಕ್ಕ. "ಅಂದ ಹಾಗೆ ನಿಮ್ಮ ಮೇಲೆ ಯಾವ ಕೇಸೂ ಇಲ್ಲ. ಕೇಸ್ ಇರೋದು ಕುದುರೆ ಮೇಲೆ."

"ಕುದುರೆ ಏನ್ ಮಾಡ್ತು?"

"ಅದು ಏನೂ ಮಾಡಿಲ್ಲ. ಮಾಡೋದಕ್ಕೆ ಬಳಕೆ ಆಯ್ತು."

ವಕೀಲ ಫೈಲು ತಿರುವಿ, ಮಾರನೆಯ ದಿನ ಠಾಣೆಗೆ ಹೆಚ್ಚುವರಿ ಸಾಮಾನು ತಂದುಕೊಟ್ಟದ್ದು ನಿಜವೇ ಎಂದು ಕೇಳಿದ. ನಿಜ ಎಂದ ಮಾಲನ್. "ಆರು ವರ್ಷದಿಂದ ಇಲ್ಲಿದ್ದೀನಿ. ಕಿತ್ಕೊಂಡಿದ್ದನ್ನ ವಾಪಸ್ ಕೊಡಿ ಅಂತ ಬರೋರನ್ನ ನೋಡಿದ್ದೀನಿ. ಇದನ್ನೂ ತಗೊಳ್ಳಿ ಅಂತ ಬಂದೋರು ನೀವೊಬ್ಬರೇ. ನಿಜ ಹೇಳ್ಬೇಕು ಅಂದ್ರೆ, ಇದನ್ನ ಓದಿದವರು ಯಾರಾದ್ರೂ ಏನಂದ್ಕೋತಾರೆ? ತಪ್ಪು ಮಾಡಿದವನೇ ಹೀಗೆ ಮಾಡೋದು ಅಂತ." ಕೊಟ್ಟವನು ಕೋಡಂಗಿಯಾಗುವುದು ಹೊಸದೇನಲ್ಲ, ಕೊಟ್ಟವನು ಕಳ್ಳನೂ ಆಗಬಹುದೆಂದು ಸಲೋಮಳಿಗೆ ಅಂದು ತಿಳಿಯಿತು. ಅದು ನಮ್ಮ ನಡವಳಿಕೆ ಎಂದು ಹೇಳಲು ಬಾಯಿ ತೆರೆದಳು. ಯಾರೂ ಅವಳನ್ನು ಕೇಳಿರಲಿಲ್ಲ. ಬಾಯಿ ಮುಚ್ಚಿದಳು.

ಆಮೇಲೆ ಅವಳ ಸರದಿ ಬಂತು. ಅವಳು ಕುದುರೆಯ ಕಾಗದವನ್ನು ಮೇಜಿನ ಮೇಲಿಟ್ಟಳು, ತವರಿನ ಹೆಸರಿನಲ್ಲಿ, ಸಲೋಮ ಗಿಂಗರಿಚ್ ಎಂದು ಬರೆದದ್ದು. ಫೋಟೊ ಇರುವ ಗುರುತಿನ ಚೀಟಿ ಕೇಳಿದ. ನಾವು ಫೋಟೊ ತೆಗೆಸಿಕೊಳ್ಳುವುದಿಲ್ಲ ಎಂದಳು. ಅವನು ಕಾಗದವನ್ನೂ ಅವಳನ್ನೂ ನೋಡಿದ. "ನೋಡಿ, ಕುದುರೆ ಕುತ್ತಿಗೆ ಮೇಲೆ ನಂಬರ್ ಇದೆ, ಅದು ಇದಕ್ಕೆ ಸರಿಹೋಗುತ್ತೆ. ಕುದುರೆ ಯಾರು ಅನ್ನೋದಕ್ಕೆ ನನ್ನ ಹತ್ರ ಪುರಾವೆ ಇದೆ, ನೀವು ಯಾರು ಅನ್ನೋದಕ್ಕೆ ಇಲ್ಲ." ಬಾಗಿಲ ಬಳಿ ನಿಂತಿದ್ದ ಡಾರ್ಲೀನ್ ತಡೆಯಲಾರದೆ, "ಅಯ್ಯೋ, ನಾನು ಹೇಳ್ತೀನಲ್ಲ ಮಾರಾಯ, ಹನ್ನೊಂದು ವರ್ಷದಿಂದ ನನ್ನ ವ್ಯಾನಲ್ಲಿ ಓಡಾಡ್ತಿದ್ದಾಳೆ, ಇವಳು ಅವಳೇ," ಎಂದಳು. ಅವನು ಡಾರ್ಲೀನಳ ಲೈಸೆನ್ಸು ನೋಡಿ, ಅದರ ನಂಬರು ಬರೆದುಕೊಂಡು, ಸಲೋಮ ಇದ್ದಾಳೆಂದು ಒಪ್ಪಿಕೊಂಡ.

"ಕುದುರೆ ಯಾರದು?"

"ನಮ್ಮದು."

"ನಮ್ಮದು ಅಂದ್ರೆ ಆಗಲ್ಲ. ಇವರು ತಮ್ಮ ಪಾಲನ್ನ ಬರ್ದುಕೊಟ್ಟಾಗಿದೆ. ನಿಮ್ಮೊಬ್ಬರದೇ ಅಂದ್ರೆ ಮಾತ್ರ ನಾನು ಮುಂದಕ್ಕೆ ಹೋಗಬಹುದು."

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಒಂದು ಸೌಟನ್ನೂ ತನ್ನದೆಂದು ಹೇಳಿರಲಿಲ್ಲ. ಹಾಗೆ ಹೇಳುವ ಹೆಂಗಸು ಅವರಲ್ಲಿ ಇರಲಿಲ್ಲ. ಪಕ್ಕದಲ್ಲಿ ಮಾಲನ್ ಉಸಿರಾಡುವುದು ಕೇಳುತ್ತಿತ್ತು. "ನಂದು," ಎಂದಳು. "ನನ್ನೊಬ್ಬಳದೇ." ಹೇಳಿದ ಮೇಲೆ ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸಂತೋಷವಾಯಿತು, ಕಳ್ಳತನದಲ್ಲಿ ಸಿಹಿ ತಿಂದಷ್ಟು ಸಂತೋಷ. ಅದನ್ನು ಮುಖದಲ್ಲಿ ತೋರಗೊಡದೆ ಮೇಜಿನ ಅಂಚನ್ನು ನೋಡಿದಳು.

"ನಿಮ್ಮ ಧರ್ಮದಲ್ಲಿ ಪ್ರಮಾಣ ಮಾಡೋ ಹಾಗಿಲ್ಲ ಅಂತ ಗೊತ್ತು," ಎಂದ ವಕೀಲ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಬೇಕಾಗಿಯೂ ಇಲ್ಲ. ನಾನು ಇದೇ ಕಡೆ ಹುಟ್ಟಿ ಬೆಳೆದವನು. ನಿಮ್ಮ ಜನ ಸುಳ್ಳು ಹೇಳಲ್ಲ. ಇಲ್ಲಿಗೆ ಬರೋರು ನೂರಕ್ಕೆ ನೂರು ಜನ ಗೊತ್ತಿರಲಿಲ್ಲ ಅಂತಾರೆ, ನಾನು ಒಬ್ಬರನ್ನೂ ನಂಬಲ್ಲ. ನಿಮ್ಮ ಬಾಯಿಂದ ಇಲ್ಲ ಅಂತ ಬಂದ್ರೆ ಸಾಕು, ಇವತ್ತೇ ಬಿಟ್ಟುಕೊಡ್ತೀನಿ. ನಿಮ್ಮ ಗಂಡ ಆ ಗಾಡೀಲಿ ಮಾತ್ರೆ ಮಾರ್ತಿದ್ದದ್ದು ನಿಮಗೆ ಗೊತ್ತಿತ್ತಾ?"

ಪ್ರಶ್ನೆ ಇಷ್ಟು ಸಣ್ಣದಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಹೌದು ಎಂದರೆ ರೂಬಿ ಶುಕ್ರವಾರ ಲಾರಿ ಹತ್ತುತ್ತದೆ. ಇಲ್ಲ ಎಂದರೆ ಸಂಜೆಯೊಳಗೆ ಮನೆಯ ಹಟ್ಟಿಯಲ್ಲಿರುತ್ತದೆ. ನಡುವೆ ಇರುವುದು ಒಂದು ಮಾತು. ಆ ಮಾತಿಗೆ ಬೆಲೆ ಬಂದದ್ದು ಅವಳಿಂದಲ್ಲ, ಮುನ್ನೂರು ವರ್ಷ ಸುಳ್ಳು ಹೇಳದೆ ಸತ್ತವರಿಂದ. ಅವರು ಕೂಡಿಟ್ಟದ್ದನ್ನು ಅವಳೊಬ್ಬಳು ಈ ಮೇಜಿನ ಮೇಲೆ ಒಂದೇ ಸಲಕ್ಕೆ ಖರ್ಚು ಮಾಡಬೇಕು. ಮಾಡಿದರೆ ತಪ್ಪೇ? ಏನೂ ಮಾಡದ ಪ್ರಾಣಿಯ ಮೇಲೆ ಕೇಸು ಹಾಕಿದವರ ಹತ್ತಿರ ಎಷ್ಟು ನಿಜ ಹೇಳಬೇಕು? ಮಾಲನ್ ಸಭೆಯಲ್ಲಿ ಸಲೋಮಳಿಗೆ ತಿಳಿಯದು ಎಂದಿದ್ದಾನೆ. ಅವನು ನಂಬಿಯೇ ಹೇಳಿದ್ದರೆ ಅವಳೀಗ ಇಲ್ಲ ಎನ್ನುವುದರಿಂದ ಅವನ ನಂಬಿಕೆಯೂ ಉಳಿಯುತ್ತದೆ. ಹೀಗೆ ತನಗೆ ಬೇಕಾದ ಕಡೆಗೆ ಯೋಚನೆ ಸಲೀಸಾಗಿ ಹರಿಯುತ್ತಿರುವುದನ್ನು ಅವಳು ಗಮನಿಸಿದಳು. ವಕೀಲನ ಹಿಂದೆ ಗಡಿಯಾರದ ಮುಳ್ಳು ಹನ್ನೊಂದು ದಾಟಿತ್ತು. ಸರ್ಕಾರದ ಕೊಟ್ಟಿಗೆಯಲ್ಲಿ ರೂಬಿಯ ಕುಂಟುವ ಎಡಗಾಲಿಗೆ ಸಂಜೆ ಎಣ್ಣೆ ತಿಕ್ಕುವವರು ಯಾರಿದ್ದಾರೆ?

"ಇಲ್ಲ," ಎಂದಳು.

ವಕೀಲ ತಲೆದೂಗಿ ಬರೆಯತೊಡಗಿದ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಮಾತ್ರ ಇತ್ತು. ಡಾರ್ಲೀನ್ ಬಾಗಿಲ ಬಳಿಯಿಂದ ಕಣ್ಣು ಮಿಟುಕಿಸಿದಳು.

"ಅವಳಿಗೆ ಗೊತ್ತಿತ್ತು," ಎಂದ ಮಾಲನ್.

ಪೆನ್ನು ನಿಂತಿತು. ವಕೀಲ ತಲೆಯೆತ್ತಲಿಲ್ಲ. "ಸಾರ್," ಎಂದ, ಬಹಳ ಮೆತ್ತಗೆ, "ನಾನು ನಿಮ್ಮನ್ನ ಕೇಳ್ಲಿಲ್ಲ. ಇವರನ್ನ ಕೇಳಿದೆ. ಇವರು ಉತ್ತರ ಹೇಳಿದ್ರು." ಈ ಹುಡುಗ ವಕೀಲ ಪಾರಾಗುವ ದಾರಿಯನ್ನು ಇನ್ನೂ ತೆರೆದೇ ಇಟ್ಟಿದ್ದಾನೆ ಎಂಬುದು ಸಲೋಮಳಿಗೆ ತಿಳಿಯಿತು. ಮಾಲನ್ನನಿಗೂ ತಿಳಿದಿರಬೇಕು. ಅವನು ಹ್ಯಾಟಿನ ಅಂಚನ್ನು ಸುತ್ತಲೂ ಬೆರಳಿನಿಂದ ಸವರುತ್ತಾ, ಮೇಜಿನ ಮೇಲಿನ ಕಾಗದಕ್ಕೆ ಹೇಳುವವನಂತೆ ಹೇಳಿದ. "ನನ್ನ ಜೇಬಲ್ಲಿ ದುಡ್ಡಿತ್ತು. ಪ್ಯಾಂಟು ಒಗೆದು ಇಸ್ತ್ರಿ ಆಗಿ ಬಂತು. ದುಡ್ಡು ನೀರಲ್ಲಿ ನೆನೆಯದೆ ಅದರಲ್ಲೇ ಇತ್ತು. ಅವಳು ತೆಗೆದು ಮತ್ತೆ ಇಟ್ಟಿದ್ಲು. ಅವಳಿಗೆ ಜುಲೈಯಿಂದ ಗೊತ್ತಿತ್ತು."

ಇಷ್ಟು ದಿನ. ಸಣ್ಣ ಮೇಜಿನಲ್ಲಿ ಕುಳಿತು ಆಲೂಗಡ್ಡೆ ಮುರಿಯುತ್ತಿದ್ದಾಗ ಅವನಿಗೆ ಗೊತ್ತಿತ್ತು. ತಟ್ಟೆಯನ್ನು ಅಂಚಿಗಿಟ್ಟು ಅವಳು ಹಿಂದೆ ಸರಿಯುತ್ತಿದ್ದಾಗ ಗೊತ್ತಿತ್ತು. ಮಂಡಿಯೂರಿದಾಗಲೂ ಗೊತ್ತಿತ್ತು. ವಕೀಲ ಏನೋ ಕೇಳಿದ. ಎರಡನೆಯ ಸಲ ಕೇಳಿದಾಗ ತಿಳಿಯಿತು. "ಇಬ್ಬರಲ್ಲಿ ಯಾರದು ಸರಿ ಅಂತ ನೀವೇ ಹೇಳ್ಬೇಕು ಮೇಡಂ." ಈಗಲೂ ಇಲ್ಲ ಎನ್ನಬಹುದಿತ್ತು. ಮೊದಲನೆಯ ಇಲ್ಲ ಕುದುರೆಗಾಗಿ. ಎರಡನೆಯದು ಗಂಡ ಸುಳ್ಳ ಎಂದು ಸರ್ಕಾರದ ಮುಂದೆ ಬರೆಸಿದ ಹಾಗೆ. ಅವಳು ಮೇಜಿನ ಮೇಲಿದ್ದ ತನ್ನ ಕಾಗದವನ್ನು ಎಳೆದುಕೊಂಡು, ಮಡಿಸಿ, ಮಡಿಸಿದ್ದನ್ನು ಮತ್ತೆ ಮಡಿಸಿದಳು. ವಕೀಲ ಬಹಳ ಹೊತ್ತು ಕಾದ, ಅದನ್ನು ಒಪ್ಪಿಕೊಳ್ಳಲೇಬೇಕು. ಆಮೇಲೆ ಬರೆದಿದ್ದ ಹಾಳೆಯನ್ನು ಹರಿದು ಬೇರೆ ಹಾಳೆ ತೆಗೆದ. "ಶುಕ್ರವಾರದ ಹರಾಜಿಗೆ ಹೋಗುತ್ತೆ," ಎಂದ. "ನೀವಾಗಲಿ ನಿಮ್ಮ ಮನೆಯವರಾಗಲಿ ಕೂಗೋ ಹಾಗಿಲ್ಲ. ನಿಯಮ." ಅವನ ಕಿವಿ ಮೊದಲಿಗಿಂತ ಕೆಂಪಾಗಿತ್ತು.

ಹೊರಗೆ ಹೋಗುವಾಗ ಚೌಕಟ್ಟು ಕೂಗಲಿಲ್ಲ. ಹೊರಗೆ ಹೋಗುವವರನ್ನು ಅದು ಕೇಳುವುದಿಲ್ಲ. ವ್ಯಾನಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕುಳಿತರು. ಡಾರ್ಲೀನ್ ಊರು ದಾಟುವವರೆಗೆ ಒಂದೂ ಮಾತಾಡಲಿಲ್ಲ, ಅವಳಿಗೆ ಅದು ದಾಖಲೆ. ಕೊಯ್ದು ಕಟ್ಟಿದ ಜೋಳದ ದಂಟಿನ ಹೊಲಗಳು ಎರಡೂ ಕಡೆ ಹಿಂದಕ್ಕೆ ಓಡಿದವು. ಸಲೋಮಳಿಗೆ ಸಿಟ್ಟು ಬಂದಿತ್ತು. ಬಹಿಷ್ಕಾರಕ್ಕೆ ಅವರಲ್ಲಿ ಕ್ರಮವಿದೆ, ತಪ್ಪೊಪ್ಪಿಗೆಗೆ ಕ್ರಮವಿದೆ, ಸಿಟ್ಟಿಗೆ ಯಾವ ಕ್ರಮವನ್ನೂ ಯಾರೂ ಕಲಿಸಿರಲಿಲ್ಲ. ಕೊನೆಗೆ ಡಾರ್ಲೀನಳಿಗೆ ತಿಳಿಯದಂತೆ ತಮ್ಮ ಮನೆಮಾತಾದ ಡಚ್ಚಿನಲ್ಲಿ ಗಂಡನನ್ನು ಕೇಳಿದಳು.

"ನಿನ್ನನ್ನ ಯಾರೂ ಕೇಳ್ಲಿಲ್ಲ. ಕೇಳದೆ ಮಾತಾಡ್ಬೇಡ ಅಂದಿದ್ದ ಏಮನ್."

"ಹೂಂ."

"ಸಭೆ ಮುಂದೆ ನನಗೋಸ್ಕರ ಸುಳ್ಳು ಹೇಳ್ದೆ. ಇವತ್ತು ಒಂದೇ ಒಂದು ಸಲ ಸುಮ್ನಿರೋಕೆ ಆಗ್ಲಿಲ್ವಾ? ಸತ್ಯ ಹೇಳಿದ್ದು ದೇವರಿಗೋಸ್ಕರಾನಾ?"

ಮಾಲನ್ ಕಿಟಕಿಯ ಕಡೆ ತಿರುಗಿದ. ಹೌದು ಎಂದುಬಿಡಲಿ ಎಂದು ಅವಳು ಬೇಡಿಕೊಂಡಳು. ಹೌದು ಎಂದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು.

"ಅಲ್ಲ," ಎಂದ. "ಆರು ವಾರ ಆ ಮೇಜಲ್ಲಿ ಒಬ್ಬನೇ ಕೂತು ಉಂಡೆ, ಸಲೋಮ. ಒಂದು ದಿನ ನೀನು ತಟ್ಟೆ ಎತ್ಕೊಂಡು ಬಂದು ಪಕ್ಕ ಕೂತ್ಕೋತೀಯ ಅಂತ ದಿನಾ ಕಾದೆ. ಬರ್ಲಿಲ್ಲ. ಇವತ್ತು ಅವನ ಮುಂದೆ ಕೂಡ ನೀನು ಗೊತ್ತಿರಲಿಲ್ಲ ಅಂದೆ."

ಅವನ ದನಿಯಲ್ಲಿ ಆಪಾದನೆಯಿರಲಿಲ್ಲ. ಇದ್ದಿದ್ದರೆ ಅವಳು ತಿರುಗಿ ಬೀಳುತ್ತಿದ್ದಳು. ಮುಂದಿನ ಸೀಟಿನಿಂದ ಡಾರ್ಲೀನ್ ಕನ್ನಡಿಯಲ್ಲಿ ಅವರನ್ನು ನೋಡಿ, "ಏನಂತಾನೆ ನಿನ್ ಗಂಡ?" ಎಂದಳು.

"ಏನಿಲ್ಲ," ಎಂದಳು ಸಲೋಮ, ಇಂಗ್ಲಿಷಿನಲ್ಲಿ. "ಡಾರ್ಲೀನ್, ಶುಕ್ರವಾರ ಬೆಳಿಗ್ಗೆ ಬರ್ತೀಯಾ? ಹರಾಜಿನ ಅಂಗಳಕ್ಕೆ ಹೋಗ್ಬೇಕು."

"ಕೂಗೋ ಹಾಗಿಲ್ವಂತಲ್ಲೇ."

"ಕೂಗೋಕಲ್ಲ. ಅವಳು ಲಾರಿ ಹತ್ತೋವರೆಗೂ ಹತ್ರ ನಿಂತಿರ್ತೀನಿ. ಹೊಸಬರ ಕೈಲಿ ಅವಳು ಹತ್ತಲ್ಲ, ಹೊಡೀತಾರೆ."

ಡಾರ್ಲೀನ್ ಒಪ್ಪಿ ತಲೆಯಾಡಿಸಿದಳು. ಮಾಲನ್ ಸಲೋಮಳ ಕಡೆ ತಿರುಗಿದ. "ನಾನೂ ಬರ್ತೀನಿ," ಎಂದ.

"ಬೇಡ." ಅವಳು ಈಗ ಮತ್ತೆ ಡಚ್ಚಿನಲ್ಲಿ ಮಾತಾಡಿದಳು, ದನಿ ಏರಿಸದೆ. "ಶುಕ್ರವಾರ ನಾನೊಬ್ಬಳೇ ಹೋಗ್ತೀನಿ. ನೀನು ಭಾನುವಾರ ಸಭೆಗೆ ಬಾ, ನಾನು ಮಂಡಿ ಊರೋದನ್ನ ನೋಡೋಕೆ."

ಮಾಲನ್ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು, ಆಗಲಿ ಎಂದ.